ಕಪ್ಪೆಯ ಹಾಡು ಕಲಿತ ನಮ್ಮಣ್ಣ

ದಾಂಡೇಲಿ, ಹಳಿಯಾಳ, ಜೋಯ್ಡಾ, ಮುಂಡಗೋಡ ನಾಲ್ಕೂ ತಾಲೂಕುಗಳನ್ನು ಜರಡಿ ಹಿಡಿದರೂ ನಮ್ಮಣ್ಣನಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವ ಮನುಷ್ಯ ನಿಮಗೆ ಸಿಗಲಾರ. ನಾವು ನೀವು ತಪ್ಪು ಮಾಡುವುದು ಅವಸರದಲ್ಲಿ, ಅರೆಮನಸ್ಸಿನಲ್ಲಿ. ಅವನು ಹಾಗಲ್ಲ! ವೇಳಾಪಟ್ಟಿ ಹಾಕಿಕೊಂಡು, ಕೈಕಾಲು ತೊಳೆದುಕೊಂಡು, ಊದಿನಕಡ್ಡಿ ಹಚ್ಚಿ, ಏಳು ತಿಂಗಳು ಒಂದು ದಿನವೂ ತಪ್ಪಿಸದೆ ಒಂದೇ ತಪ್ಪನ್ನು ಮಾಡಿದವನು. ಆ ತಪ್ಪು ಅವನದಲ್ಲ, ನನ್ನದು. ಆದರೆ ಅದನ್ನು ಹೇಳಲು ನನಗೆ ಆಗಲೂ ಧೈರ್ಯ ಬರಲಿಲ್ಲ, ಈಗಲೂ ನಾಲ್ಕು ಪುಟ ಸುತ್ತಿಕೊಂಡೇ ಬರಬೇಕು. ಅಲ್ಲಿಯವರೆಗೆ ನೀವು ಸ್ವಲ್ಪ ನಗುತ್ತಿರಿ.

ದಾಂಡೇಲಿಯ ಪೇಟೆಯಲ್ಲಿ ನನ್ನದೊಂದು ಹಳೇ ಸಾಮಾನಿನ ಅಂಗಡಿ. ಸೈಕಲ್ ಕ್ಯಾರಿಯರಿಗೆ ಒಂದು ಮುರುಕು ಕುರ್ಚಿ ಕಟ್ಟಿಕೊಂಡು ಶುರು ಮಾಡಿದವನು ನಾನು. ಈಗ ಸ್ವಂತ ಟೆಂಪೋ ಇದೆ. ಬಂಗೂರನಗರದಲ್ಲಾಗಲಿ ಅಂಬಿಕಾನಗರದಲ್ಲಾಗಲಿ ಯಾರಿಗಾದರೂ ವರ್ಗವಾಯಿತೆಂದರೆ ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನಿಮಗೂ ಒಂದು ಉಪಯೋಗದ ಮಾತು ಹೇಳಿಬಿಡುತ್ತೇನೆ. ವರ್ಗವಾದವರ ಮನೆಗೆ ಸಾಮಾನು ಕೇಳಲು ಸುದ್ದಿ ಬಂದ ದಿನವೇ ಓಡಬೇಡಿ. ಆಗ ಅವರಿಗೆ ಕಾಲು ಮುರಿದ ಸ್ಟೂಲಿನ ಮೇಲೂ ಮಮತೆ. ಲಾರಿ ಬರುವ ಹಿಂದಿನ ದಿನ ಹೋಗಿ. ಅಷ್ಟೊತ್ತಿಗೆ ಕಪಾಟು ಮೆಟ್ಟಿಲಲ್ಲಿ ಸಿಕ್ಕಿಕೊಂಡಿರುತ್ತದೆ, ಗಂಡಹೆಂಡಿರ ಮಾತು ನಿಂತಿರುತ್ತದೆ, ಮಮತೆ ಪೂರ್ತಿ ಇಳಿದಿರುತ್ತದೆ.

ಇಂಥ ಮಾತುಗಳು ನನ್ನಲ್ಲಿ ಬೇಕಾದಷ್ಟಿವೆ. ಯಾವ ಫ್ರಿಜ್ಜು ಕೊಳ್ಳಬೇಕು, ಬೋರ್‌ವೆಲ್ ಎಲ್ಲಿ ಹೊಡೆಸಬೇಕು, ಯಾರ ಮನೆಗೆ ಹೆಣ್ಣು ಕೊಡಬೇಕು ಎಂದು ಜನ ನನ್ನನ್ನು ಕೇಳುತ್ತಾರೆ, ನಾನು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಊರಲ್ಲಿ ನನಗಿರುವ ಮರ್ಯಾದೆ ಅದೇ.

ಅಣ್ಣ ನನ್ನ ದೊಡ್ಡಪ್ಪನ ಮಗ. ಕಾಗದದ ಮಿಲ್ಲಿನಲ್ಲಿ ಯಂತ್ರ ನೋಡಿಕೊಂಡು ನಿವೃತ್ತನಾದವನು. ಚೌಕಾಸಿ ಎಂಬುದು ಅವನ ರಕ್ತದಲ್ಲೇ ಇಲ್ಲ. ಒಮ್ಮೆ ಸಂತೆಯಲ್ಲಿ ಬದನೆಕಾಯಿ ಮಾರುವವಳು ರೇಟು ಹೇಳಿದಾಗ ಇವನು ಕನಿಕರದಿಂದ, “ಇಷ್ಟು ಕಡಿಮಿ ಹೇಳಿದ್ರ ನಿಂಗೇನ ಉಳಿತೈತಿ ಬೇ?” ಎಂದುಬಿಟ್ಟ. ಆಕೆ ಒಂದು ಗಳಿಗೆ ಇವನ ಮುಖ ನೋಡಿದಳು. ಆಮೇಲೆ ಅಕ್ಕಪಕ್ಕದವರನ್ನೂ ಕರೆದು ಮಾತಾಡಿದಳು. ಆ ದಿನ ಸಂತೆಯ ಆ ಸಾಲಿನಲ್ಲೆಲ್ಲ ಬದನೆಕಾಯಿ ಏರಿತು! ಅವತ್ತಿನಿಂದ ಅವನ ಹೆಂಡತಿ, ನಮ್ಮ ವೈನಿ, ಅವನನ್ನು ಸಂತೆಗೆ ಕರೆದುಕೊಂಡು ಹೋಗುವುದು ಚೀಲ ಹೊರುವುದಕ್ಕೆ ಮಾತ್ರ. ಮಾತಾಡುವ ಹಾಗಿಲ್ಲ.

ಇನ್ನು ಸಂಗೀತ. ಅವನಿಗೆ ಮನೆಮುಂದೆ ಬ್ಯಾಂಡ್ ಹೋದರೂ ಒಂದೇ, ಹಿಟ್ಟಿನ ಗಿರಣಿ ತಿರುಗಿದರೂ ಒಂದೇ. ರಾಷ್ಟ್ರಗೀತೆ ಶುರುವಾದದ್ದು ಅವನಿಗೆ ಗೊತ್ತಾಗುವುದು ಉಳಿದವರು ಎದ್ದು ನಿಂತಾಗ. ಸುಳ್ಳಲ್ಲ! ಒಂದು ಸಲ ಸಭೆಯಲ್ಲಿ ಅಧ್ಯಕ್ಷರು ನೀರು ಕುಡಿಯಲೆಂದು ಎದ್ದರೆ ಇವನೊಬ್ಬನೇ ಎದೆ ಸೆಟೆದು ಅಟೆನ್ಷನ್ ಆಗಿ ನಿಂತಿದ್ದ.

ಇಂಥವನು ಒಂದು ಬೆಳಿಗ್ಗೆ ಅಂಗಡಿಗೆ ಬಂದ.

“ತಮ್ಮಾ, ನಿನ್ನ ಕಡೆ ಪಿಯಾನೊ ಐತೇನ?”

“ಐತಿ. ಯಾಕಣ್ಣ, ಟಿವಿ ಇಡಾಕ ಬೇಕಾಗಿತ್ತಾ?”

“ಬಾರಿಸಾಕ.”

“ಯಾರು?”

“ನಾನ.”

ನಾನು ಚಹಾದ ಲೋಟ ಕೆಳಗಿಟ್ಟೆ. “ಯಾವ ಹಾಡು ಬಾರಿಸಾಂವ?”

“ಕಪ್ಪಿದು.”

ಈಗ ಕಪ್ಪೆಯ ಕತೆ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ಅಣ್ಣ ಬಂಗೂರನಗರದ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗ ಒಬ್ಬಳೇ ಮಗಳು ಸವಿತಾಳಿಗೆಂದು ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ತಂದುಕೊಟ್ಟಿದ್ದ. ಅದರಲ್ಲೊಂದು ಕೆಂಪು ಟೋಪಿಯ ಕಪ್ಪೆ. ಕಪ್ಪೆ ಬಾವಿಯಿಂದ ಬಾವಿಗೆ ಜಿಗಿಯಬೇಕು, ಮಾವಿನಹಣ್ಣು ತಿನ್ನಬೇಕು. ಜಿಗಿಯುವಷ್ಟು ಹೊತ್ತೂ ಹಿಂದೆ ಟಿಣಿಟಿಣಿ ಎಂದು ಕುಣಿಯುವ ಹಾಡು. ಸವಿತಾ ಶಾಲೆಯಿಂದ ಬಂದು ಚೀಲ ಬಿಸಾಕಿದರೆ ಕಪ್ಪೆ ಜಿಗಿಯಿತೆಂದೇ ಲೆಕ್ಕ. ಹತ್ತನೆಯ ಇಯತ್ತೆಯ ಗಣಿತದಲ್ಲಿ ಹುಡುಗಿ ದಡ ಮುಟ್ಟುವಷ್ಟು ಮಾತ್ರ ಅಂಕ ತಂದಳು. ಅಣ್ಣ ತಲೆಮೇಲೆ ಕೈ ಹೊತ್ತು ಕೂತಿದ್ದಾಗ ಅಲ್ಲಿ ಒಬ್ಬ ಬುದ್ಧಿವಂತ ಇದ್ದ. “ಅಣ್ಣಾ, ಮೊದಲ ಆ ಡಬ್ಬಿ ಮನಿಯಿಂದ ಹೊರಗ ಹಾಕು. ನಾ ಒಯ್ತೇನಿ,” ಎಂದು ಸಲಹೆ ಕೊಟ್ಟ. ಆ ಬುದ್ಧಿವಂತ ನಾನೇ. ಒಯ್ದು ಹಳಿಯಾಳದಲ್ಲಿ ಮಾರಿದವನೂ ನಾನೇ.

ಸವಿತಾ ಅಳಲಿಲ್ಲ. ಟಿವಿಯ ಕೆಳಗಿನ ಖಾಲಿ ಜಾಗ ನೋಡಿ, ಪುಸ್ತಕ ತೆಗೆದು ಓದಲು ಕೂತಳು. ನನ್ನ ಸಲಹೆ ಎಷ್ಟು ಬೇಗ ಫಲ ಕೊಟ್ಟಿತೆಂದು ನಾನು ಹೆಮ್ಮೆಪಟ್ಟೆ. ಆದರೆ ಅವತ್ತಿನಿಂದ ಆ ಹುಡುಗಿ ಅಪ್ಪನನ್ನು ಏನನ್ನೂ ಕೇಳಲಿಲ್ಲ. ದೀಪಾವಳಿಗೆ ಬಟ್ಟೆ ಕೇಳಲಿಲ್ಲ, ಕಾಲೇಜಿಗೆ ಸೈಕಲ್ ಕೇಳಲಿಲ್ಲ. ಮಾತು ಬಿಟ್ಟಳೆಂದಲ್ಲ. ಮಾತಿತ್ತು, ನಗುವಿತ್ತು, ಕೇಳುವುದೊಂದು ನಿಂತುಹೋಯಿತು. ಮುಂಡಗೋಡಕ್ಕೆ ಮದುವೆಯಾಗಿ ಹೋದಳು. ಹನ್ನೊಂದು ವರ್ಷದ ಮೇಲೆ ಈಗ ಬಸುರಿ.

“ಊಟಾತೇನಪ್ಪಾ ಅಂತಾಳ, ಗುಳಗಿ ತಗೊಂಡೇನ ಅಂತಾಳ,” ಎಂದ ಅಣ್ಣ, “ಖರೆ ನನ್ನ ಏನೂ ಬೇಡಿಲ್ಲ ನೋಡ ತಮ್ಮಾ. ತೊಟ್ಟಲದಾಗ ಹಾಕೂ ದಿನ ಆ ಕಪ್ಪಿ ಹಾಡ ಬಾರಿಸಿ ಬಿಡ್ತೇನಿ. ಆಕಿಗೆ ತಿಳಿತೈತಿ.”

“ಏನ ತಿಳಿತೈತಿ?”

“ನಂಗ ನೆನಪೈತಿ ಅಂತ.”

ಇಷ್ಟು ಕೇಳಿಯೂ ಸಲಹೆ ಬಿಡುವವನೇ ನಾನು? “ಅದಕ್ಕ ಪಿಯಾನೊ ಯಾಕಣ್ಣ? ಫೋನಿನ್ಯಾಗ ಹಚ್ಚಿ ಕೇಳಸು, ಮುಗೀತು.”

“ಮನಿಯಿಂದ ತಗದು ಕೊಟ್ಟಿದ್ದು ಈ ಕೈಲೆ. ತಿರುಗಿ ಕೊಡೂದೂ ಕೈಲೆ ಆಗಬೇಕು,” ಎಂದ.

ಅಂಬಿಕಾನಗರದಿಂದ ವರ್ಗವಾಗಿ ಹೋದವರೊಬ್ಬರ ಕೀಬೋರ್ಡು ನನ್ನಲ್ಲಿತ್ತು. ಅದನ್ನೇ ನಾವೆಲ್ಲ ಪಿಯಾನೊ ಎನ್ನುತ್ತಿದ್ದೆವು. ಆಮೇಲೆ ನಡೆದಂಥ ಚೌಕಾಸಿ ನನ್ನ ಧಂದೆಯಲ್ಲೇ ಅದೊಂದೇ. ನಾನು ಒಂದು ರೇಟು ಹೇಳಿದೆ. ಅವನು ಅದಕ್ಕಿಂತ ಹೆಚ್ಚು ಕೊಡುತ್ತೇನೆಂದ. ನಾನು ಇಳಿಸಿದೆ, ಅವನು ಏರಿಸಿದ. ಅರ್ಧ ತಾಸು ಹೋರಾಡಿದೆ. ಹೊರಗೆ ಜನ ನಿಂತು ನೋಡತೊಡಗಿದರು. ನನ್ನ ಅಂಗಡಿಯಲ್ಲಿ ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದವನು ಅವನೊಬ್ಬನೇ!

ಕಲಿಸುವವರು ಯಾರು? ನನ್ನ ಪಕ್ಕದ ಅಂಗಡಿಯಲ್ಲಿ ಟಿವಿ, ರೇಡಿಯೊ ರಿಪೇರಿ ಮಾಡುವ ಇಮ್ತಿಯಾಜ್ ಇದ್ದಾನಲ್ಲ, ಅವನೂ ಹುಡುಗನಾಗಿದ್ದಾಗ ಆ ಕಪ್ಪೆಯನ್ನು ಜಿಗಿಸಿದವನೇ. ಫೋನಿನಲ್ಲಿ ಹುಡುಕಿ, ಕಪ್ಪೆಯ ಹಾಡನ್ನು ಅಕ್ಷರಗಳಲ್ಲಿ ಬರೆದ ಮೂರು ಪುಟ ಅಣ್ಣನಿಗೆ ಪ್ರಿಂಟ್ ತೆಗೆಸಿಕೊಟ್ಟ. “ಕಾಕಾ, ಸರಿಗಮ ಬ್ಯಾಡ, ಉಸ್ತಾದ್ ಬ್ಯಾಡ. ಕಾಗದದಾಗ ಇ ಅಂತಿದ್ರ ಇ ಒತ್ರಿ, ಜಿ ಅಂತಿದ್ರ ಜಿ ಒತ್ರಿ. ಎ ಇಂದ ಜಿ ತನಕ ಏಳ ಅಕ್ಷರ, ಮತ್ತ ಅದ ಬರ್ತಾವ. ಬಸ್!”

ಅಣ್ಣನಿಗೆ ಇದಕ್ಕಿಂತ ಹೇಳಿ ಮಾಡಿಸಿದ ಪದ್ಧತಿ ಉಂಟೇ? ಜೀವನವೆಲ್ಲ ನಂಬರು ನೋಡಿ ವಾಲ್ವ್ ತಿರುಗಿಸಿದವನು. ಕಿವಿಯ ಕೆಲಸವೇ ಇಲ್ಲ, ಬರೀ ಕಣ್ಣು ಮತ್ತು ಬೆರಳು.

ಕೀಗಳ ಮೇಲೆ ಅಕ್ಷರ ಇರಲಿಲ್ಲ. “ಚಿಂತಿ ಬ್ಯಾಡ, ನಾ ಹಚ್ಚಿ ಕೊಡ್ತೇನಿ, ಬಿಟ್ಟಿ,” ಎಂದು ನಾನು ಅಂಗಡಿಯ ರೇಟಿನ ಬಿಳಿ ಚೀಟಿಗಳ ಮೇಲೆ ದಪ್ಪ ಪೆನ್ನಿನಿಂದ ಬರೆದು, ಎಡಗಡೆಯ ಮೊದಲ ಬಿಳಿ ಕೀಯಿಂದ ಶುರು ಮಾಡಿ ಕಟ್ಟಕಡೆಯ ತನಕ ಸಾಲಾಗಿ ಅಂಟಿಸಿದೆ. ಎ, ಬಿ, ಸಿ, ಡಿ, ಇ, ಎಫ್, ಜಿ; ಮತ್ತೆ ಎ, ಬಿ. ಎಲ್ಲಿಂದ ಶುರು ಮಾಡಬೇಕೆಂದು ಇಮ್ತಿಯಾಜ್ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದೇನಿದೆ? ಎ ಎಲ್ಲಿರಬೇಕು? ಮೊದಲಿಗೆ! ನಿಮ್ಮನ್ನು ಕೇಳಿದರೂ ಹಾಗೇ ಹೇಳುತ್ತಿದ್ದಿರಿ.

ಅಣ್ಣನ ಅಭ್ಯಾಸ ಶುರುವಾಯಿತು. ಮಿಲ್ಲು ಬಿಟ್ಟು ಎಷ್ಟೋ ವರ್ಷವಾದರೂ ಶಿಫ್ಟು ಬಿಟ್ಟಿರಲಿಲ್ಲ. ಬೆಳಿಗ್ಗೆ ಒಂದು ಶಿಫ್ಟು, ಸಂಜೆ ಒಂದು. ಕೋಣೆಯ ಬಾಗಿಲಿಗೆ ‘ಯಂತ್ರ ಚಾಲನೆಯಲ್ಲಿದೆ’ ಎಂದು ಕೆಂಪಕ್ಷರದ ರಟ್ಟು ತೂಗುಹಾಕಿದ್ದ. ಬೆರಳುಗಳಿಗೂ ಹುದ್ದೆ ಹಂಚಿದ್ದ. ಹೆಬ್ಬೆರಳು ಫೋರ್‌ಮನ್. ನಡುವಿನ ಮೂರು ನುರಿತ ಕೆಲಸಗಾರರು. ಕಿರುಬೆರಳು ಮಾತ್ರ, “ಹೊಸಾ ಅಪ್ರೆಂಟಿಸ್ ಐತಿ ತಮ್ಮಾ, ಕರದ ಕಡೆ ಬರಂಗಿಲ್ಲ,” ಎಂದು ದೂರುತ್ತಿದ್ದ. ಯಂತ್ರದ ಮೇಲಿನ ಪ್ರೀತಿಯಿಂದ ಒಂದು ದಿನ ಬೆರಳಿನ ಗೆಣ್ಣುಗಳಿಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತ. ಸಿ ಒತ್ತಿದರೆ ಬೆರಳು ಜಾರಿ ಎಫ್‌ಗೆ ಹೋಗಿ ನಿಲ್ಲುತ್ತಿತ್ತು!

ವೈನಿಗೆ ಸಾಕುಸಾಕಾಗಿತ್ತು. “ನಿಮ್ಮಣ್ಣಾರಿಗೆ ಹೇಳ್ರಿ ಒಂದೀಟು,” ಎಂದು ನನ್ನ ಮುಂದೆ ಗೋಳು. “ಕುಕ್ಕರ ಎಷ್ಟು ಸೀಟಿ ಹೊಡೀತು ಅನ್ನೂದ ತಿಳಿವಲ್ದು. ಆ ಕಪ್ಪಿ ಒಮ್ಮೆರ ಬಾವ್ಯಾಗ ಬಿದ್ದು ಸತ್ರ ಹೋಳಿಗಿ ಮಾಡಿ ಊರಿಗೆ ಹಂಚ್ತೇನಿ.”

ಒಳಗಿನಿಂದ ಅಣ್ಣನ ದನಿ: “ಹೋಳಿಗಿ ಯಾವತ್ತು?”

ಒಂದು ಸಂಜೆ ಅಭ್ಯಾಸ ನಡೆದಿತ್ತು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ. ಹಿಂದಿನ ಓಣಿಯಲ್ಲಿರುವ ತೇರಗಾಂವದ ಮುದುಕರೊಬ್ಬರು ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಒಳಬಂದು, ಚಪ್ಪಲಿ ಬಿಟ್ಟು, ಕಣ್ಣು ಕೆಳಗೆ ಹಾಕಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ವೈನಿಯ ಕಡೆ ನೋಡಿ ಕೇಳಿದರು:

“ಯಾರು ಹೋದ್ರು ತಂಗೀ? ಭಜನಿ ಮ್ಯಾಳಕ್ಕ ಹೇಳಿ ಕಳಸೂದೇನ?”

“ಯಾರೂ ಹೋಗಿಲ್ರಿ,” ಎಂದರು ವೈನಿ. “ಕಪ್ಪಿ ಜಿಗ್ಯಾಕತ್ತೈತಿ.”

ನಾವು ಹೊಟ್ಟೆ ಹಿಡಿದು ನಕ್ಕೆವು. ಅಣ್ಣನೂ ನಕ್ಕ. ಕುಣಿಯುವ ಹಾಡು ಹೆಣದ ಮುಂದಿನ ಭಜನೆಯಂತೆ ಏಕೆ ಕೇಳಿಸುತ್ತಿದೆ ಎಂದು ನಮ್ಮಲ್ಲಿ ಒಬ್ಬರಾದರೂ ಯೋಚಿಸಬೇಕಾಗಿತ್ತು. ವಯಸ್ಸಾದ ಮೇಲೆ ಹೊಸದಾಗಿ ಬಾರಿಸಿದರೆ ಹೀಗೇ ಇರುತ್ತದೆ, ಕೈ ಕುದುರಿದ ಮೇಲೆ ಕಪ್ಪೆ ಕುಣಿಯುತ್ತದೆ ಎಂದುಕೊಂಡೆವು.

ಮತ್ತೊಂದು ದಿನ ಅಣ್ಣ ಕಾಗದ ಹಿಡಿದು ಅಂಗಡಿಗೇ ಬಂದ. “ತಮ್ಮಾ, ಇಲ್ಲಿ ಸಿ ಮುಂದ ಗೇಟಿನಂಥಾ ಗುರುತು ಐತಿ. ಅದು ಬಂದ್ರ ಬಲಕ್ಕಿರೂ ಕರೀ ಕೀ ಒತ್ತಬೇಕಂತ. ಸಿ ಬಲಕ್ಕ ಕರೀ ಕೀ ಇಲ್ಲ ನೋಡ!”

ನಾನು ಕಾಗದ ನೋಡಿದೆ. ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಿದ್ದರೆ ನನ್ನದೇನು ಹೋಗುತ್ತಿತ್ತು? ಪಕ್ಕದಲ್ಲೇ ಇಮ್ತಿಯಾಜ್ ಕೂತಿದ್ದ, ಕೂಗಿದರೆ ಕೇಳುವಷ್ಟು ದೂರ! ಆದರೆ ನಾನು ಗಂಭೀರವಾಗಿ, “ಈ ಮಾಡಲ್‌ನ್ಯಾಗ ಅದು ಬರಂಗಿಲ್ಲಣ್ಣ. ಬಿಟ್ಟು ಮುಂದ ಹೋಗು,” ಎಂದೆ. ಅಣ್ಣ ಪೆನ್ನಿನಿಂದ ಆ ಗೇಟುಗಳನ್ನೆಲ್ಲ ಸಾಲಾಗಿ ಹೊಡೆದು ಹಾಕಿದ. ಅವನಿಗೆ ನನ್ನ ಮಾತೆಂದರೆ ಕಂಪನಿಯ ಮಾತು.

ಎರಡು ತಿಂಗಳಾಗಿತ್ತು. ಕೀಬೋರ್ಡಿಗೆ ಕರೆಂಟು ಬರುತ್ತಿಲ್ಲವೆಂದು ಇಮ್ತಿಯಾಜ್ ಅಣ್ಣನ ಮನೆಗೆ ಹೋಗಿ ಬಂದವನು ಸೀದಾ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಅವನ ಮುಖ ನೋಡಿ ಯಂತ್ರ ಪೂರ್ತಿ ಕೆಟ್ಟಿತೆಂದುಕೊಂಡೆ.

“ಅಣ್ಣಾರ, ಆ ಚೀಟಿ ಯಾರು ಹಚ್ಚಿದ್ದು?”

“ನಾನ. ಯಾಕ?”

“ಯಾ ಅಲ್ಲಾ!” ಎಂದು ಹಣೆ ಬಡಿದುಕೊಂಡು ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದ. “ಆ ಪಿಯಾನೊದಾಗ ಮೊದಲನೇ ಕೀ ಸಿ. ಎ ಅಲ್ಲ. ಕಾಕಾ ಬಾರಿಸಿದ್ರು, ನಾ ನಿಂತ ಕೇಳಿದೆ. ಒಂದು ಸ್ವರನೂ ಆ ಹಾಡಂದು ಅಲ್ಲ.”

“ಎ ಬಿಟ್ಟು ಸಿ ಇಂದ ಶುರು ಮಾಡೂದು ಎಲ್ಲಿ ರೀತಿಪಾ ಇದು!” ಎಂದು ನಾನು ಜಗಳಕ್ಕೇ ನಿಂತೆ. ಇಡೀ ಪ್ರಪಂಚದ ಪಿಯಾನೊದವರ ಮೇಲೆ ಸಿಟ್ಟು ಬಂತು. ಇಮ್ತಿಯಾಜ್ ಪಾಪ, ನನ್ನ ಬೈಗುಳ ಮುಗಿದ ಮೇಲೆ ಹೇಳಿದ: “ಇನ್ನೂ ಟೈಮ್ ಐತಿ. ಚೀಟಿ ಕಿತ್ತು ಬರೋಬ್ಬರಿ ಹಚ್ಚಿದ್ರ ಕಾಕಾ ಮತ್ತ ಕಲೀತಾರ. ನಾ ಹೇಳ್ಲೇನು?”

“ಬ್ಯಾಡ. ನಾ ಹಚ್ಚೇನಿ, ನಾನ ಹೇಳ್ತೇನಿ,” ಎಂದೆ.

ಹೇಳಲಿಲ್ಲ.

ಆ ದಿನ ಹೋದೆ. ಅಣ್ಣ ಮೊದಲ ಪುಟ ಕಾಗದ ನೋಡದೆ ಬಾರಿಸಿ ತೋರಿಸಿ, “ಹೆಂಗ?” ಎಂದ. “ಚಲೋ ಐತಿ,” ಎಂದೆ. ಮರುದಿನ ಹೋದೆ. ಅವನ ಮನೆಗೆ ಬೀಗರು ಬಂದಿದ್ದರು. ಅಣ್ಣ ನನ್ನನ್ನು ಅವರಿಗೆ ಪರಿಚಯಿಸಿ, “ಎಲ್ಲಾ ಇವನ ಹೇಳಿಕೊಟ್ಟಿದ್ದು. ಇವಂಗ ಗೊತ್ತಿಲ್ಲದ ವಿಷಯ ಇಲ್ಲ,” ಎಂದುಬಿಟ್ಟ. ಅವರ ಮುಂದೆ ಹೇಗೆ ಹೇಳುವುದು? ಒಂದು ವಾರ ಹೋಯಿತು. ಒಂದು ವಾರ ತಡವಾದ ಮಾತಿಗೆ ಅದೇಕೆ ತಡವಾಯಿತೆಂಬ ಇನ್ನೊಂದು ಮಾತು ಸೇರುತ್ತದೆ. ಒಂದು ತಿಂಗಳಾದರೆ ಮಾತು ಕಪಾಟಿನಂತಾಗುತ್ತದೆ, ಒಬ್ಬರಿಂದ ಎತ್ತಲಾಗುವುದಿಲ್ಲ. ಆಮೇಲೆ ನನ್ನಷ್ಟಕ್ಕೆ ನಾನೇ ಚೌಕಾಸಿಗೆ ಇಳಿದೆ: ಇಪ್ಪತ್ತು ವರ್ಷದ ಹಿಂದಿನ ಹಾಡು ಆ ಹುಡುಗಿಗಾದರೂ ಎಲ್ಲಿ ನೆನಪಿರುತ್ತದೆ? ಅಪ್ಪ ಬಾರಿಸಿದ್ದೇ ದೊಡ್ಡದಲ್ಲವೇ? ಈಗ ಹೇಳಿ ಮುದುಕನ ಉತ್ಸಾಹ ಏಕೆ ಕೆಡಿಸಬೇಕು? ನೋಡಿ, ನಾನು ಚೌಕಾಸಿಯಲ್ಲಿ ಎಷ್ಟು ಜಾಣನೆಂದರೆ ನನ್ನನ್ನೇ ಒಪ್ಪಿಸಿಬಿಟ್ಟೆ.

ಒಂದು ದಿನ ಅವನ ಕೈಯಲ್ಲಿದ್ದ ಕಪ್ಪುಬಸಿ ಕಟಕಟ ಎಂದಿತು. ಇಬ್ಬರೂ ನೋಡಿದೆವು. ಅಣ್ಣ ಬಸಿಯನ್ನು ಕೆಳಗಿಟ್ಟು, “ಅಪ್ರೆಂಟಿಸ್ ಒಬ್ಬಾಂವ ಇದ್ದ, ಈಗ ಎಲ್ಲಾ ಬೆರಳೂ ಸಂಪು ಹೂಡ್ಯಾವ,” ಎಂದ. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ನಡುಕ ಇನ್ನು ಹೋಗುವುದಿಲ್ಲ, ಮೆಲ್ಲಗೆ ಹೆಚ್ಚಾಗುತ್ತದೆ ಎಂದರು. ಅಣ್ಣ ಮಾಡಿದ್ದೇನು ಗೊತ್ತೇ? ಸಂಜೆ ಶಿಫ್ಟಿಗೆ ಓವರ್‌ಟೈಮ್ ಸೇರಿಸಿದ! ನಡುಗುವ ಬೆರಳು ಕೀ ಮುಟ್ಟುವಷ್ಟರಲ್ಲಿ ನಿಲ್ಲುವಂತೆ ಮಾಡಲು ಹಲ್ಲು ಕಚ್ಚಿ, ಬೆವರು ಸುರಿಸಿ ಕಲಿತ. ಆ ಬೆವರೆಲ್ಲ ತಪ್ಪು ಹಾಡಿಗೆ ಸುರಿಯುತ್ತಿದೆ ಎಂದು ಗೊತ್ತಿದ್ದವನು ಆ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಸಕ್ಕರೆ ಕಡಿಮೆಯಾಗಿದೆ ಎಂದು ಸಲಹೆ ಕೂಡ ಕೊಡುತ್ತಿದ್ದ.

ದಿನ ತುಂಬಿದ ಸವಿತಾಳಿಗೆ ಬಸ್ಸಿನ ಪ್ರಯಾಣ ಬೇಡವೆಂದು ಹೆರಿಗೆ ಮುಂಡಗೋಡದ ಕಡೆಯೇ ಆಯಿತು. ಬಾಣಂತನಕ್ಕೆ ವೈನಿ ಅಲ್ಲಿಗೇ ಹೋಗಿ ಕೂತರು. ಹೆಣ್ಣು ಕೂಸು. ತೊಟ್ಟಿಲ ದಿನ ಗೊತ್ತಾದಾಗ ಕೀಬೋರ್ಡನ್ನು ಎರಡು ದುಪ್ಪಟಿಯಲ್ಲಿ ಸುತ್ತಿ, ಕೂಸನ್ನೇ ಮಲಗಿಸಿದಂತೆ ನನ್ನ ಟೆಂಪೋದಲ್ಲಿ ಮಲಗಿಸಿದೆವು. ಅಣ್ಣ ಹೊಸ ಧೋತರ ಉಟ್ಟಿದ್ದ.

ಹಳಿಯಾಳ ದಾಟಿದ ಮೇಲೆ ನಾನು ಬಾಯಿ ತೆಗೆದೆ. “ಅಣ್ಣಾ, ಒಂದು ಮಾತು ಹೇಳೂದೈತಿ.”

“ನಂದೂ ಐತಿ. ನಾ ಮೊದಲ ಹೇಳ್ತೇನಿ,” ಎಂದ ಅವನು. “ನೀ ಚೀಟಿ ಹಚ್ಚಿ ಕೊಟ್ಟಿದ್ದಿಲ್ಲಂದ್ರ ಇದೆಲ್ಲಾ ನನ್ನ ಕೈಲೆ ಆಗ್ತಿದ್ದಿಲ್ಲೋ ತಮ್ಮಾ. ಈಗ ನೀ ಹೇಳು.”

“ಟೈರಿಗೆ ಗಾಳಿ ಕಡಿಮಿ ಆದಂಗೈತಿ,” ಎಂದೆ ನಾನು.

ಮನೆ ತುಂಬ ಹೆಂಗಸರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ನಗುತ್ತ ಅವಳ ಬೆನ್ನಿಗೆ ಗುದ್ದಿದರು, ಗುಗ್ಗರಿ ಹಂಚಿದರು, ತೊಟ್ಟಿಲ ಹಾಡು ಹೇಳಿದರು. ಆಮೇಲೆ ವೈನಿ, “ಇವ್ರೂ ಒಂದು ಹಾಡ ಬಾರಸ್ತಾರಂತ್ರಿ,” ಎಂದು ನಾಚಿಕೊಂಡೇ ಹೇಳಿದರು. ಹೆಂಗಸರು ಮುಸಿಮುಸಿ ನಕ್ಕರು. ಸವಿತಾ ಆಶ್ಚರ್ಯದಿಂದ ಅಪ್ಪನನ್ನೇ ನೋಡುತ್ತಿದ್ದಳು.

ಅಣ್ಣ ಬಾರಿಸಿದ. ಮೂರು ಪುಟ, ಕಾಗದವಿಲ್ಲದೆ, ಒಂದು ಬೆರಳೂ ತಪ್ಪದೆ. ಬೇರೆಯವರಿಗೆ ಏನು ಕೇಳಿಸಿತೋ, ನನಗೆ ಗೊತ್ತಿಲ್ಲ. ನಾನು ಅವನ ಕೈ ನೋಡುತ್ತಿದ್ದೆ. ಗಾಳಿ ಹೊಡೆದ ಎಲೆಯ ಹಾಗೆ ನಡುಗುತ್ತ ಇಳಿಯುತ್ತಿದ್ದ ಬೆರಳು ಕೀ ಮುಟ್ಟಿದೊಡನೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಮುಗಿದಾಗ ಒಬ್ಬ ಮುದುಕಿ, “ಚಲೋ ಭಜನಿ,” ಎಂದು ಕಣ್ಣು ಒರೆಸಿಕೊಂಡಳು.

ಅಣ್ಣ ಮಗಳ ಕಡೆ ತಿರುಗಿದ. ಅಷ್ಟು ಆಸೆಯಿಟ್ಟ ಮುಖವನ್ನು ನಾನು ಯಾವ ಗಿರಾಕಿಯಲ್ಲೂ ಕಂಡಿಲ್ಲ.

“ಭಾಳ ಚಂದಾತಪ್ಪಾ,” ಎಂದಳು ಸವಿತಾ. ಆಮೇಲೆ ಕೇಳಿದಳು: “ಯಾವ ಹಾಡಪ್ಪಾ ಇದು?”

“ಹಿಂಗ... ಸುಮ್ನ ಒಂದು,” ಎಂದ ಅಣ್ಣ. ದುಪ್ಪಟಿ ತೆಗೆದುಕೊಂಡು ಕೀಬೋರ್ಡಿಗೆ ಹೊದಿಸತೊಡಗಿದ.

ಊಟಕ್ಕೂ ನಿಲ್ಲದೆ ಹೊರಟೆವು. ಊರು ದಾಟಿದ ಮೇಲೆ ಅವನೇ ಮಾತಾಡಿದ. “ಮರ್ತಾಳ ನೋಡ. ಸಣ್ಣಾಕಿದ್ದಾಗಿಂದು, ಹೆಂಗ ನೆನಪಿರ್ತೈತಿ? ನಾನು ಹುಚ್ಚ.” ಧೋತರದ ಅಂಚು ಸರಿಮಾಡಿಕೊಳ್ಳುತ್ತ, “ನಾ ಒಬ್ಬನ ನೆನಪ ಇಟಗೊಂಡು ಕುಂತಿದ್ದೆ,” ಎಂದ.

ನಾನು ಟೆಂಪೋ ಬದಿಗೆ ನಿಲ್ಲಿಸಿದೆ. ಹೇಳಿದೆ. ಮೊದಲ ಕೀ ಸಿ ಎಂಬುದು, ಇಮ್ತಿಯಾಜ್ ಹೇಳಿದ್ದು, ನನಗೆ ಗೊತ್ತಾಗಿ ಐದು ತಿಂಗಳಾಗಿದ್ದು, ಎಲ್ಲ. ಮುಂದಿನ ಗಾಜನ್ನೇ ನೋಡುತ್ತ ಹೇಳಿದೆ, ಅವನ ಕಡೆ ತಿರುಗಲಿಲ್ಲ. ಒಂದು ಏಟು ಬಿದ್ದರೆ ಒಳ್ಳೆಯದಿತ್ತು ಎನಿಸಿತು.

ಅವನು ನನ್ನ ರೆಟ್ಟೆ ಹಿಡಿದ. “ಅಂದ್ರ ನಾ ಬಾರಿಸಿದ್ದು ಆ ಹಾಡ ಅಲ್ಲ?”

“ಅಲ್ಲಣ್ಣ.”

“ಅಂದ್ರ ಆಕಿ ಮರ್ತಿಲ್ಲ!” ಎಂದು ಹಿಗ್ಗಿನಿಂದ ಕೂಗಿದ. “ತಿರಗಸು ಗಾಡಿ! ತಿರಗಸೋ ಮಂಗ್ಯಾ!”

ಮುಂಡಗೋಡದ ಆ ಮನೆಯ ಪಡಸಾಲೆಯಲ್ಲಿ ಜನ ಊಟಕ್ಕೆ ಕೂತಿದ್ದರು. ಹಿತ್ತಲಕಡೆಯ ಕೋಣೆಯಲ್ಲಿ ನಾನು ಉಗುರಿನಿಂದ ಚೀಟಿಗಳನ್ನು ಕಿತ್ತು, ಸಿ ಇಂದ ಶುರು ಮಾಡಿ ಮತ್ತೆ ಅಂಟಿಸಿದೆ. “ಎಷ್ಟ ಗಟ್ಟಿ ಹಚ್ಚಿದ್ದೆಲೋ,” ಎಂದು ಅಣ್ಣ ಚೇಷ್ಟೆ ಮಾಡಿದ. ಸವಿತಾ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಅಣ್ಣ ಬೆರಳಿಟ್ಟ. ಎರಡು ಸ್ವರ ಸರಿ ಬಂದವು. ಮೂರನೆಯದಕ್ಕೆ ಕೈ ತನ್ನಷ್ಟಕ್ಕೆ ಹಳೆಯ ಜಾಗಕ್ಕೆ ಹೋಯಿತು. ಮತ್ತೆ ಶುರು ಮಾಡಿದ. ಮತ್ತೆ ಅಲ್ಲಿಗೇ ಹೋಯಿತು. ಚೀಟಿ ನೋಡಿ ನಿಧಾನವಾಗಿ ಒತ್ತೋಣವೆಂದರೆ ನಿಧಾನಿಸಿದ ಬೆರಳು ನಡುಗಿ ಎರಡೆರಡು ಕೀ ಒತ್ತುತ್ತಿತ್ತು. ಏಳು ತಿಂಗಳು ಕಲಿತದ್ದನ್ನು ಮಾತ್ರ ಆ ಕೈ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಇನ್ನೊಂದು ಕಲಿಯುವಷ್ಟು ಕಸುವು ಅದರಲ್ಲಿ ಉಳಿದಿರಲಿಲ್ಲ. ಐದು ತಿಂಗಳ ಹಿಂದೆ ಇತ್ತು. ಆಗ ನಾನು ಅವನ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ.

“ಏನದು ಕಾಕಾ?” ಎಂದಳು ಸವಿತಾ.

ಅಣ್ಣ ತಲೆ ಎತ್ತಲಿಲ್ಲ. ನಾನೇ ಹೇಳಿದೆ. ಕಪ್ಪೆಯ ವಿಷಯ, ಚೀಟಿಯ ವಿಷಯ, ಗೇಮನ್ನು ಒಯ್ಯುವ ಸಲಹೆ ಕೊಟ್ಟವನು ನಾನೆಂಬ ವಿಷಯ. ಅವಳು ಪೂರ್ತಿ ಕೇಳಿಸಿಕೊಂಡು, ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, “ಊಟ ಮಾಡ್ಕೊಂಡು ಹೋಗ್ರಿ ಕಾಕಾ, ಆರ್ತೈತಿ,” ಎಂದಳು. ಅಷ್ಟೇ. ನಾನು ಊಟ ಮಾಡಿದೆ. ಏನು ಬಡಿಸಿದರೋ ನೆನಪಿಲ್ಲ.

ಈಗ ಅಣ್ಣನಿಗೆ ಚಹಾ ಕುಡಿಯಲೂ ಎರಡು ಕೈ ಬೇಕು. ಕೀಬೋರ್ಡಿನ ಮಾತು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಅಂಗಡಿಗೆ ಬಂದವರು ಏನಾದರೂ ಕೇಳಿದರೆ ಮೊದಲಿನ ಹಾಗೆ ಥಟ್ಟನೆ ಹೇಳುತ್ತೇನೆ. ಹೇಳಿದ ಮೇಲೆ ಅವರು ಹೋಗುವ ದಾರಿಯನ್ನೇ ನೋಡುತ್ತ ನಿಲ್ಲುತ್ತೇನೆ. ಇದೊಂದು ಹೊಸ ಚಟ.

ಮೊನ್ನೆ ಮುಂಡಗೋಡದ ಕಡೆ ಒಬ್ಬರಿಗೆ ವರ್ಗವಾಗಿ, ಸಾಮಾನು ನೋಡಲು ಹೋಗಿದ್ದೆ. ಬಂದವನು ಮುಖ ತೋರಿಸದೆ ಹೋಗಬಾರದೆಂದು ಸವಿತಾಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅವಳು ಮೆಂತ್ಯದ ಸೊಪ್ಪು ಸೋಸುತ್ತ, ಕಾಲಿನಿಂದ ತೊಟ್ಟಿಲು ತೂಗುತ್ತ ಮೆಲ್ಲಗೆ ಏನೋ ಗುನುಗುತ್ತಿದ್ದಳು. ಹೊಸ್ತಿಲಲ್ಲೇ ನಿಂತೆ. ಅದೇ ಹಾಡು. ತೇರಗಾಂವದ ಮುದುಕರು ಟಾವೆಲ್ಲು ಹಾಕಿಕೊಂಡು ಬಂದಿದ್ದರಲ್ಲ, ಆ ಹಾಡು. ಒಂದು ಸಲ ಕೇಳಿದ್ದನ್ನು ಪೂರ್ತಿ ಹಿಡಿದುಕೊಂಡಿದ್ದಳು. ಕೂಸು ಕಣ್ಣು ಮುಚ್ಚಿತ್ತು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. “ಯವ್ವಾ, ಅದು ತಪ್ಪೈತಿ. ಖರೇ ಹಾಡ ನಿಂಗ ಬರ್ತೈತೆಲ್ಲ? ಕೂಸಿಗೆ ಅದನ್ನ ಹೇಳು,” ಎಂದೆ.

ಸವಿತಾ ತೊಟ್ಟಿಲು ನಿಲ್ಲಿಸಲಿಲ್ಲ.

“ಬರ್ತೈತಿ ಕಾಕಾ, ಒಂದೂ ಮರ್ತಿಲ್ಲ,” ಎಂದಳು. “ಅದು ಕಪ್ಪಿ ಹಾಡ. ಇದು ನಮ್ಮಪ್ಪಂದು.”